ಅಪ್‌ಡೇಟ್: ಚಿತ್ರದುರ್ಗದ ಸರ್ಕಾರಿ ನೀರು ಪರೀಕ್ಷಾ ಪ್ರಯೋಗಾಲಯದಲ್ಲಿ ಐಎಸ್‌ಒ 14001

ನಮ್ಮ ಪ್ರಯೋಗಾಲಯದಲ್ಲಿ ಐಎಸ್‌ಒ 14001 (ಪರಿಸರ ನಿರ್ವಹಣೆಯ ಅಂತರರಾಷ್ಟ್ರೀಯ ಮಾನದಂಡ) ಅಳವಡಿಕೆ ಎಲ್ಲಿಂದ ಶುರು ಮಾಡಬೇಕು ಎಂದು ಹಿಂದೆ ಇಲ್ಲಿ ಕೇಳಿದ್ದೆ. ನೀತಿಪತ್ರ ಆಮೇಲೆ ಬರೆಯಿರಿ, ಮೊದಲು ಸಿಂಕಿಗೆ ಏನೇನು ಸುರಿಯುತ್ತೀರಿ ಎಂದು ಪಟ್ಟಿ ಮಾಡಿ ಎಂದಿದ್ದಿರಿ. ಅದೇ ಸರಿಯಾದ ದಾರಿ. ಎಲ್ಲರಿಗೂ ಧನ್ಯವಾದ.

ಪಟ್ಟಿಯಲ್ಲಿ ಮೇಲೆ ಬಂದದ್ದು ಸಿಒಡಿ ಪರೀಕ್ಷೆಯ (ನೀರಿನ ಕಲ್ಮಶವನ್ನು ರಾಸಾಯನಿಕವಾಗಿ ಉತ್ಕರ್ಷಿಸಲು ಬೇಕಾದ ಆಮ್ಲಜನಕದ ಅಳತೆ) ತ್ಯಾಜ್ಯ. ಅದರಲ್ಲಿ ಪಾದರಸ, ಬೆಳ್ಳಿ, ಕ್ರೋಮಿಯಂ, ಗಂಧಕಾಮ್ಲ ಎಲ್ಲವೂ ಇವೆ. ಓಪನ್ ರಿಫ್ಲಕ್ಸ್‌ನಲ್ಲಿ (ತೆರೆದ ಕಂಡೆನ್ಸರಿನಡಿ ಫ್ಲಾಸ್ಕಿನಲ್ಲಿ ಕುದಿಸುವ ವಿಧಾನ) 50 ಮಿ.ಲೀ. ಮಾದರಿಗೆ 25 ಮಿ.ಲೀ. ಡೈಕ್ರೋಮೇಟ್, 75 ಮಿ.ಲೀ. ಆಮ್ಲ ಬೇಕು. ನೀರು ಬೆರೆಸಿ ಟೈಟ್ರೇಟ್ ಮಾಡುವ ಹೊತ್ತಿಗೆ ತ್ಯಾಜ್ಯ ಸುಮಾರು 300 ಮಿ.ಲೀ. ಮುಚ್ಚಿದ ಟ್ಯೂಬಿನ ವಿಧಾನದಲ್ಲಿ ಎಲ್ಲ ಸೇರಿ 7.5 ಮಿ.ಲೀ. ಮಾತ್ರ! ಬೇರಾವ ಕ್ರಮಕ್ಕಿಂತ ಈ ವಿಧಾನಕ್ಕೆ ಬದಲಾಗುವುದರಿಂದಲೇ ಲಾಭ ಹೆಚ್ಚು.

ಈ ತ್ಯಾಜ್ಯ ಪೂರ್ತಿ ತಣ್ಣಗಾದ ಮೇಲೆ ಎಚ್‌ಡಿಪಿಇ (ಗಟ್ಟಿ ಪ್ಲಾಸ್ಟಿಕ್) ಕ್ಯಾನಿಗೆ ಹೋಗಬೇಕು. ಕಬ್ಬಿಣದ ಡಬ್ಬ ಬೇಡ, ಆಮ್ಲ ತಿನ್ನುತ್ತದೆ. ಕರಗಿದ ಆಮ್ಲಜನಕದ ಪರೀಕ್ಷೆಗೆ ಬಳಸುವ ಅಜೈಡ್ ದ್ರಾವಣವನ್ನು ಇದೇ ಕ್ಯಾನಿಗೆ ಸುರಿಯಲೇಬಾರದು: ಆಮ್ಲದೊಡನೆ ಸೇರಿದರೆ ವಿಷಾನಿಲ. ಸಿಂಕಿಗೂ ಬೇಡ, ಸೀಸ ಅಥವಾ ತಾಮ್ರದ ಪೈಪಿನಲ್ಲಿ ಸ್ಫೋಟಕ ಲವಣ ಕಟ್ಟಿಕೊಳ್ಳುತ್ತದೆ.

ಕಾಗದಪತ್ರ ಅಷ್ಟೇನೂ ಕಷ್ಟವಲ್ಲ. 2016ರ ಅಪಾಯಕಾರಿ ತ್ಯಾಜ್ಯ ನಿಯಮದಂತೆ ಕ್ಯಾನಿಗೆ ನಮೂನೆ 8ರ ಲೇಬಲ್, ದಾಖಲೆಗೆ ನಮೂನೆ 3, ಸಂಗ್ರಹ ಸಾಮಾನ್ಯವಾಗಿ 90 ದಿನ, ವಾರ್ಷಿಕ ವರದಿ ಜೂನ್ 30ರೊಳಗೆ.