ವ್ಯಾಂಕೋವರ್ ಹತ್ತಿರ ಮೊದಲ ಸಲ ಸ್ಕೀಯಿಂಗ್: ನೀವು ಯಾವ ಬೆಟ್ಟಕ್ಕೆ ಹೋದಿರಿ, ಎಷ್ಟಾಯ್ತು?

ಎಸ್‌ಐಟಿ ಬಡಾವಣೆ, ತುಮಕೂರು
ಎಲ್ಲರಿಗೂ ನಮಸ್ಕಾರ. ನನ್ನ ತಂಗಿ ವ್ಯಾಂಕೋವರ್‌ನಲ್ಲಿದ್ದಾಳೆ. ಡಿಸೆಂಬರ್ ಕೊನೆಗೆ ನಾನು, ನಮ್ಮ ಯಜಮಾನರು, 9 ವರ್ಷದ ಮಗಳು ಹೋಗುತ್ತಿದ್ದೇವೆ. ಒಂದು ದಿನವಾದರೂ ಸ್ಕೀಯಿಂಗ್ ಮಾಡಲೇಬೇಕು ಅಂತ ಮಗಳ ಹಟ. ಮೂವರಲ್ಲಿ ಯಾರೂ ಹಿಮ ಮುಟ್ಟಿದವರಲ್ಲ. ತಂಗಿ ಹತ್ತಿರ ಕಾರಿಲ್ಲ. ಗ್ರೌಸ್, ಸೈಪ್ರೆಸ್, ಸೀಮೋರ್ ಮೂರೂ ಊರಿಗೆ ಹತ್ತಿರ ಅಂತಾಳೆ. ಯಾವುದು ಒಳ್ಳೆಯದು? ಇಲ್ಲ, ವಿಸ್ಲರ್‌ಗೇ ಹೋಗಬೇಕಾ? ಹೋಗಿ ಬಂದವರು ಖರ್ಚಿನ ಸಮೇತ ಹೇಳಿ.

ಶಿರಾ ಗೇಟ್
ಸೀಮೋರ್. ಎರಡು ಮಾತಿಲ್ಲ. ನಾವು ಹೋಗಿದ್ದು ಅಲ್ಲಿಗೇ, ಇವತ್ತಿಗೂ ಅದೇ ಸರಿ ಅಂತೀನಿ. ಹೊಸಬರಿಗೆ ದೊಡ್ಡ ಬೆಟ್ಟ ಬೇಕಾಗಿಲ್ಲ, ಚಿಕ್ಕ ಇಳಿಜಾರು ಸಾಕು. ಅಲ್ಲಿ ಮ್ಯಾಜಿಕ್ ಕಾರ್ಪೆಟ್ ಇದೆ. ನೆಲದ ಮೇಲೇ ಸಾಗುವ ಬೆಲ್ಟು, ಸುಮ್ನೆ ನಿಂತರೆ ಮೇಲಕ್ಕೆ ಒಯ್ಯುತ್ತದೆ. ಚೇರ್ ಲಿಫ್ಟ್, ಅಂದ್ರೆ ತಂತಿಗೆ ತೂಗುಬಿಟ್ಟ ಕುರ್ಚಿ, ಅದನ್ನು ಹತ್ತುವ, ಇಳಿಯುವ ಗಾಬರಿ ಇಲ್ಲ.

ಖರ್ಚು ಬರೆದುಕೊಳ್ಳಿ. ಲೆಸನ್, ಲಿಫ್ಟ್, ಬಾಡಿಗೆ ಸೇರಿ ನಮಗೆ ಒಬ್ಬರಿಗೆ 165 ಡಾಲರ್. ಅದರ ಮೇಲೆ 5% ಜಿಎಸ್‌ಟಿ. ಹೆಲ್ಮೆಟ್ 12, ಲಾಕರ್ ಬೇರೆ. ಗಾಗಲ್ಸ್, ಗ್ಲೌಸ್ ಬಾಡಿಗೆಗೆ ಸಿಗಲಿಲ್ಲ, ಅಲ್ಲೇ ಕೊಂಡೆವು, ಬೆಲೆ ಕೇಳಿ ನಮ್ಮನೆಯವರು ಅರ್ಧ ಗಂಟೆ ಮಾತೇ ಆಡಲಿಲ್ಲ. ಎಲ್ಲ ಸೇರಿ ತಲೆಗೆ 14 ಸಾವಿರ ರೂಪಾಯಿ ಮುಟ್ಟಿತು, ಊಟ ಬಿಟ್ಟು.

ಬೂಟಿನ ವಿಷಯ ಯಾರೂ ಹೇಳಲ್ಲ, ನಾನು ಹೇಳ್ತೀನಿ. ಅಳತೆ ಸೆಂಟಿಮೀಟರ್‌ನಲ್ಲಿ. ನಮ್ಮ 8, 9 ನಂಬರ್ ಅಲ್ಲಿ ನಡೆಯಲ್ಲ. ಬಕಲ್ ಹಾಕಿ ಮೊಣಕಾಲು ಮುಂದಕ್ಕೆ ಬಗ್ಗಿಸಿ ನೋಡಿ. ಬೆರಳ ತುದಿ ಸ್ವಲ್ಪ ಹಿಂದೆ ಸರಿಯಬೇಕು, ಹಿಮ್ಮಡಿ ಮೇಲೇಳಬಾರದು. ಎದ್ದರೆ ಚಿಕ್ಕದು ಕೇಳಿ. ನನಗೆ ಕೌಂಟರ್‌ನ ಹುಡುಗ ದೊಡ್ಡದೇ ಕೊಟ್ಟಿದ್ದ, ನಾನು ಬಿಡದೆ ಬದಲಾಯಿಸಿಕೊಂಡೆ. ತೂಕ ಕೇಳಿದಾಗಲೂ ನಿಜವನ್ನೇ ಹೇಳಿ. ಬೂಟನ್ನು ಸ್ಕೀಗೆ ಹಿಡಿದಿಡುವ ಬೈಂಡಿಂಗ್ ಬಿಗಿ ಮಾಡೋದು ಅದನ್ನು ನೋಡಿಯೇ. ಕಡಿಮೆ ಹೇಳಿದರೆ ದಾರಿ ಮಧ್ಯೆ ಸ್ಕೀ ಕಳಚುತ್ತದೆ. ಜಾಸ್ತಿ ಹೇಳಿದರೆ ಬಿದ್ದಾಗಲೂ ಕಳಚದೆ ಮೊಣಕಾಲು ತಿರುಚುತ್ತದೆ.

ಗೌರಿಬಿದನೂರು
ಮಳೆಯ ಬಗ್ಗೆ ಹೇಳದೆ ಬೆಟ್ಟದ ಹೆಸರು ಹೇಳಿ ಏನು ಪ್ರಯೋಜನ ಸರ್? ವ್ಯಾಂಕೋವರ್ ಸಮುದ್ರದ ದಂಡೆಯ ಊರು. ಚಳಿಗಾಲ ಅಂದ್ರೆ ಅಲ್ಲಿ ಮಳೆಗಾಲ. ಈ ಮೂರು ಬೆಟ್ಟಗಳ ಮೇಲೆ ಬೀಳೋದು ಹಿಮವಾ, ನೀರಾ ಅನ್ನೋದು ಫ್ರೀಜಿಂಗ್ ಲೆವೆಲ್, ಅಂದ್ರೆ ಗಾಳಿ ಸೊನ್ನೆ ಡಿಗ್ರಿಗೆ ಇಳಿಯುವ ಎತ್ತರದ ಮೇಲೆ ನಿಂತಿದೆ. ಅದು 700 ಮೀಟರ್‌ನಲ್ಲಿದ್ದರೆ ಮೇಲೆ ಒಳ್ಳೆ ಹಿಮ. 1,800ಕ್ಕೆ ಏರಿದರೆ ತುದಿಯವರೆಗೂ ಮಳೆ.

ನಾವು ಹೋದ ದಿನ ಏರಿತ್ತು. ಬೆಳಿಗ್ಗೆಯಿಂದ ಜಡಿಮಳೆ. ನಮ್ಮ ಪ್ಯಾಕೇಜ್ ಹಾಕಿಕೊಟ್ಟ ಏಜೆಂಟ್ "ಥರ್ಮಲ್, ಸ್ವೆಟರ್ ತಗೊಳ್ಳಿ" ಅಂದಿದ್ದ, ನೀರು ಇಳಿಯದ ಜಾಕೆಟ್ ಪ್ಯಾಂಟ್ ಅಂತ ಒಂದು ಮಾತು ಹೇಳಲಿಲ್ಲ. ಹಿಮವಂತೂ ಮಧ್ಯಾಹ್ನದ ಹೊತ್ತಿಗೆ ಕಲಸಿಟ್ಟ ರಾಗಿ ಹಿಟ್ಟಿನ ಹಾಗೆ ಭಾರ. ಸ್ಕೀ ತಿರುಗಿಸೋಕೆ ಹೋದರೆ ಕಾಲು ಬರುತ್ತೆ, ಸ್ಕೀ ಬರಲ್ಲ. ಗ್ಲೌಸ್ ಹಿಂಡಿದರೆ ನೀರು ಸುರಿಯುತ್ತಿತ್ತು. ನನ್ನ ಮಗ ಗಡಗಡ ನಡುಗಿ ಊಟದ ಹೊತ್ತಿಗೇ ಸಾಕು ಅಂದ. ಲಿಫ್ಟ್ ಓಡುತ್ತಿದೆ ಅಂತ ಒಂದು ಡಾಲರ್ ವಾಪಸ್ ಕೊಡಲಿಲ್ಲ. ನಾಲ್ಕು ಜನಕ್ಕೆ 50 ಸಾವಿರ ರೂಪಾಯಿ ಮೇಲೆ ನೀರಲ್ಲಿ ಹೋಯ್ತು. ಈಗಲೂ ನೆನೆಸಿಕೊಂಡರೆ ಹೊಟ್ಟೆ ಉರಿಯುತ್ತೆ.

ಕೋಲಾರ, ಟೇಕಲ್ ರಸ್ತೆ
ಅದಕ್ಕೇ ಹೇಳೋದು, ವಿಸ್ಲರ್‌ಗೆ ಹೋಗಿ ಅಂತ. ಅಷ್ಟು ದೂರ ವಿಮಾನದಲ್ಲಿ ಹೋಗಿ, ಊರ ಪಕ್ಕದ ಬೆಟ್ಟದಲ್ಲಿ ನೆನೆದು ಬರ್ತೀರಾ? ವ್ಯಾಂಕೋವರ್‌ನಿಂದ 120 ಕಿ.ಮೀ., ಒಂದು ಕಡೆ ಸಮುದ್ರ, ಇನ್ನೊಂದು ಕಡೆ ಬಂಡೆ, ಆ ರಸ್ತೆಯೇ ಒಂದು ಭಾಗ್ಯ. ಬಸ್ಸಿದೆ. 2010ರ ಒಲಿಂಪಿಕ್ಸ್‌ನ ಆಲ್ಪೈನ್ ಸ್ಪರ್ಧೆ ನಡೆದದ್ದು ಅಲ್ಲೇ. ನಮ್ಮ ದೇಶದ ಸ್ಕೀ ಆಟಗಾರ ಜಮ್ಯಾಂಗ್ ನಮ್ಗ್ಯಾಲ್ ಇಳಿದ ಬೆಟ್ಟ ಅದು. ಬೆಟ್ಟದ ಬುಡದ ಹಳ್ಳಿಯಲ್ಲಿ ಮಳೆಯಿದ್ದರೂ ಮೇಲಿನ ಲಿಫ್ಟ್‌ಗಳು 2,000 ಮೀಟರ್ ದಾಟಿ ಹೋಗುತ್ತವೆ. ಅಲ್ಲಿನ ಎರಡು ಬೆಟ್ಟದ ಮಧ್ಯೆ 4.4 ಕಿ.ಮೀ. ಗೊಂಡೋಲಾ, ತಂತಿ ಮೇಲೆ ಸಾಗುವ ತೂಗುಗಾಡಿ. ಅದರಲ್ಲಿ ಕೂತು ನಮ್ಮ ತಾಯಿ ಕೈ ಮುಗಿದರು.

ದುಬಾರಿ, ಹೌದು. ಬಾಗಿಲಲ್ಲಿ ಕೊಂಡರೆ ಒಂದು ದಿನದ ಲಿಫ್ಟ್ ಟಿಕೆಟ್ಟೇ 200 ಡಾಲರ್ ದಾಟುತ್ತೆ. ಮುಂಚೆಯೇ ಕೊಂಡರೆ ಕಡಿಮೆ. ಜೀವನದಲ್ಲಿ ಒಂದು ಸಲ ಹೋಗೋದು, ಅಲ್ಲಿ ಲೆಕ್ಕ ಹಾಕಬಾರದು.

ಶಿರಾ ಗೇಟ್
ಹೊಸಬರು 2,000 ಮೀಟರ್ ಮೇಲೆ ಹೋಗಿ ಏನು ಮಾಡ್ತಾರೆ ಸ್ವಾಮಿ? ವಿಸ್ಲರ್‌ನಲ್ಲೂ ಹೊಸಬರನ್ನು ಮಧ್ಯದ ನಿಲ್ದಾಣದಲ್ಲೇ ಇಳಿಸಿ ಕಲಿಸೋದು. ಮೇಲಿನ ಹಿಮಕ್ಕೆ ದುಡ್ಡು ಕೊಟ್ಟು ಕೆಳಗಿನ ಹಿಮದಲ್ಲಿ ಬೀಳೋದಾ? ಡಿಸೆಂಬರ್‌ನಲ್ಲಿ ಅಲ್ಲಿ ಮೂರು ಗಂಟೆಗೆ ಲಿಫ್ಟ್ ನಿಲ್ಲಿಸ್ತಾರೆ. ನಾಲ್ಕೂಕಾಲಿಗೆ ಸೂರ್ಯ ಮುಳುಗುತ್ತೆ. ಹೋಗಿ ಬರೋಕೆ ನಾಲ್ಕು ಗಂಟೆ ಬಸ್ಸು. ಹತ್ತಿರದ ಮೂರು ಬೆಟ್ಟದಲ್ಲಾದರೆ ರಾತ್ರಿ ದೀಪ ಹಾಕಿ ಆಡಿಸ್ತಾರೆ.

ಕೋಲಾರ, ಟೇಕಲ್ ರಸ್ತೆ
ನೀವು ವಿಸ್ಲರ್ ನೋಡಿದ್ದೀರಾ? ನೋಡದೆ ಮಾತಾಡಬೇಡಿ. ನಾನು ರಾತ್ರಿ ಅಲ್ಲೇ ಉಳಿದಿದ್ದೆ.

ಚಿಂತಾಮಣಿ
ಇಬ್ಬರೂ ಸ್ವಲ್ಪ ನಿಲ್ಲಿ. ಅಕ್ಕ ಕಾರಿಲ್ಲ ಅಂತ ಬರೆದಿದ್ದಾರೆ, ಓದಿದಿರಾ? ಸೈಪ್ರೆಸ್, ಸೀಮೋರ್ ಎರಡಕ್ಕೂ ಬೆಟ್ಟದ ರಸ್ತೆ ಹತ್ತಬೇಕು, ಚಳಿಗಾಲದ ಟೈರ್ ಇರಲೇಬೇಕು. ಇಲ್ಲ ಅಂದ್ರೆ ಅವರ ಶಟಲ್ ಬಸ್ಸಿಗೆ ಬೇರೆ ಟಿಕೆಟ್. ಗ್ರೌಸ್‌ಗೆ ಮಾತ್ರ ಊರ ಬಸ್ಸೇ ಹೋಗುತ್ತೆ. ವಾಟರ್‌ಫ್ರಂಟ್ ನಿಲ್ದಾಣದಲ್ಲಿ ಸೀಬಸ್ ದೋಣಿ ಹತ್ತಿ. 12 ನಿಮಿಷದಲ್ಲಿ ಲಾನ್ಸ್‌ಡೇಲ್ ಕೀ ಅನ್ನೋ ದೋಣಿ ನಿಲ್ದಾಣ. ಅಲ್ಲಿಂದ 236 ನಂಬರ್ ಬಸ್ಸು, ಬೆಟ್ಟದ ಬುಡಕ್ಕೇ ಬಿಡುತ್ತೆ. ಅಲ್ಲಿಂದ ಸ್ಕೈರೈಡ್ ಅನ್ನೋ ತೂಗುಗಾಡಿ. ಲಿಫ್ಟ್ ಟಿಕೆಟ್‌ನಲ್ಲೇ ಅದೂ ಸೇರಿರುತ್ತೆ. ಕೆಳಗೆ ಮಳೆ ಬರ್ತಿತ್ತು, ಮೋಡದೊಳಗೆ ತೂರಿ ಮೇಲೆ ಬಂದರೆ ಮರವೆಲ್ಲ ಬೆಳ್ಳಗೆ. ಅದನ್ನು ನೋಡೋಕೇ ಹೋಗಬೇಕು.

ಮುಖ್ಯ ವಿಷಯ ಇನ್ಶೂರೆನ್ಸ್. ನನ್ನ ತಮ್ಮ ಸ್ಕೀ ಕೋಲಿನ ಪಟ್ಟಿ ಕೈಗೆ ಸುತ್ತಿಕೊಂಡೇ ಬಿದ್ದ. ಹೆಬ್ಬೆರಳು ಹಿಂದಕ್ಕೆ ಬಾಗಿ ಊದಿಕೊಂಡಿತು. ಸ್ಕೀ ಮಾಡುವವರಿಗೆ ಮಾಮೂಲಿ ಪೆಟ್ಟಂತೆ. ಕೆನಡಾದವರಿಗೆ ಆಸ್ಪತ್ರೆ ಪುಕ್ಕಟೆ, ನಮಗಲ್ಲ. ಎಮರ್ಜೆನ್ಸಿಗೆ ಕಾಲಿಟ್ಟಿದ್ದಕ್ಕೇ ಸಾವಿರ ಡಾಲರ್ ಮೇಲೆ. ಎಕ್ಸ್‌ರೇ ಬೇರೆ, ಡಾಕ್ಟರ್ ಬಿಲ್ ಬೇರೆ, ಕೈಗೆ ಕಟ್ಟಿದ ಪಟ್ಟಿಗೂ ಬೇರೆ. ಇಲ್ಲಿಂದ ಮಾಡಿಸಿದ್ದ ಪಾಲಿಸಿಯವರು "ಸಾಹಸ ಕ್ರೀಡೆ ಇದರಲ್ಲಿ ಬರಲ್ಲ" ಅಂತ ಒಂದು ಸಾಲಿನ ಮೇಲ್ ಕಳಿಸಿ ಕೈ ತೊಳೆದುಕೊಂಡರು. ಮಾರುವಾಗ ಫೋನ್ ಮೇಲೆ ಫೋನ್ ಮಾಡಿದ್ದ ಜನ. 90 ಸಾವಿರ ರೂಪಾಯಿ ಕೈಯಿಂದ ಹೋಯ್ತು. ಸ್ಕೀಯಿಂಗ್ ಸೇರಿದೆ ಅಂತ ಪಾಲಿಸಿಯಲ್ಲಿ ಬರವಣಿಗೆಯಲ್ಲಿ ಇಲ್ಲದಿದ್ದರೆ ಸ್ಕೀ ಮುಟ್ಟಬೇಡಿ.

ಮುಳಬಾಗಿಲು
ಇಷ್ಟೆಲ್ಲ ಯಾಕೆ? ಗ್ರೌಸ್ ತುದಿ 1,231 ಮೀಟರ್. ನಮ್ಮ ನಂದಿ ಬೆಟ್ಟವೇ 1,478. ನಂದಿಗಿಂತ ಗಿಡ್ಡ ಬೆಟ್ಟಕ್ಕೆ ಲಕ್ಷ ಲಕ್ಷ ಸುರಿದು ಹೋಗಬೇಕಾ? ಗುಲ್ಮಾರ್ಗ್ ಇದೆಯಲ್ಲ. ಊರೇ 2,600 ಮೀಟರ್ ಮೇಲಿದೆ, ಗೊಂಡೋಲಾ ಹತ್ತಿದರೆ ಹತ್ತಿರ ಹತ್ತಿರ 4,000. ಒಣ ಹಿಮ, ಪುಡಿ ಪುಡಿ. ಸರ್ಕಾರಿ ಸಂಸ್ಥೆಯ ಕೋರ್ಸ್ ಇದೆ. ನಾನು ಅಲ್ಲೇ ಕಲಿತೆ, ಊಟ, ವಸತಿ, ಸ್ಕೀ ಎಲ್ಲ ಸೇರಿ ಇವರ ಒಂದು ದಿನದ ಖರ್ಚಿಗಿಂತ ಸ್ವಲ್ಪ ಜಾಸ್ತಿ ಆಯ್ತು ಅಷ್ಟೇ. 2022ರ ಬೀಜಿಂಗ್ ಒಲಿಂಪಿಕ್ಸ್‌ಗೆ ಭಾರತದಿಂದ ಹೋದ ಒಬ್ಬರೇ ಆಟಗಾರ ಆರಿಫ್ ಖಾನ್ ಸ್ಕೀ ಕಲಿತದ್ದು ಗುಲ್ಮಾರ್ಗ್‌ನಲ್ಲೇ.

ಚಿಕ್ಕಬಳ್ಳಾಪುರ, ನಂದಿ ಕ್ರಾಸ್
ಎತ್ತರ ಒಂದನ್ನೇ ಹಿಡಿದುಕೊಂಡು ಯಾಕೆ ಮಾತಾಡ್ತೀರಾ? ನಂದಿ ಇರೋದು 13 ಡಿಗ್ರಿ ಅಕ್ಷಾಂಶದಲ್ಲಿ. ವ್ಯಾಂಕೋವರ್ 49 ಡಿಗ್ರಿಯಲ್ಲಿ, ಪಕ್ಕದಲ್ಲೇ ಪೆಸಿಫಿಕ್ ಸಮುದ್ರ. ಅಲ್ಲಿಂದ ಬರೋ ತೇವದ ಗಾಳಿ ಆ ಬೆಟ್ಟಗಳಿಗೆ ಬಡಿದು ಮೇಲೇರುತ್ತೆ, ತಣ್ಣಗಾಗಿ ಹಿಮ ಸುರಿಸುತ್ತೆ. ಬೆಟ್ಟ ಗಿಡ್ಡ ಇದ್ದರೂ ಹಿಮ ಬೀಳೋದು ಅದಕ್ಕೇ. ಹಾಗೆಯೇ ಬೇಗ ಕರಗೋದೂ ಅದಕ್ಕೇ. 2010ರಲ್ಲಿ ಸೈಪ್ರೆಸ್‌ನಲ್ಲಿ ಒಲಿಂಪಿಕ್ಸ್ ನಡೆಸೋಕೆ ಹಿಮ ಸಾಲದೆ ಲಾರಿ, ಹೆಲಿಕಾಪ್ಟರ್‌ನಲ್ಲಿ ತಂದು ಸುರಿದರು. ಮತ್ತೆ, ಆ ಅಕ್ಕ ತಂಗಿಯ ಮನೆಗೆ ಹೋಗ್ತಿರೋದು. ತಂಗಿ ಗುಲ್ಮಾರ್ಗ್‌ನಲ್ಲಿಲ್ಲ.

ಮುಳಬಾಗಿಲು
ಪಾಠ ಬೇಡ. ದೇಶದ ದುಡ್ಡು ದೇಶದಲ್ಲಿ ಇರಲಿ ಅಂದೆ, ಅದರಲ್ಲಿ ತಪ್ಪೇನು?

ಕೋಲಾರ, ಟೇಕಲ್ ರಸ್ತೆ
ಯಾರ ದುಡ್ಡು ಯಾರು ಖರ್ಚು ಮಾಡಿದರೆ ನಿಮಗೇನು ಸರ್? ನಮ್ಮಪ್ಪ ಟೊಮೇಟೊ ಬೆಳೆದು ಓದಿಸಿದ್ದು, ನಾನು ದುಡಿದು ತಾಯಿಯನ್ನು ಕರ್ಕೊಂಡು ಹೋಗಿದ್ದು.

ಗೌರಿಬಿದನೂರು
ಜಗಳ ಸಾಕು. ಊಟದ ಬಗ್ಗೆಯೂ ಹೇಳಿಬಿಡ್ತೀನಿ. ಪೂಟೀನ್ ಅಂತ ಕೊಡ್ತಾರೆ, ಆಲೂಗಡ್ಡೆ ಫ್ರೈ ಮೇಲೆ ಚೀಸ್ ಮತ್ತು ಗ್ರೇವಿ. ಆ ಗ್ರೇವಿ ಸಾಮಾನ್ಯವಾಗಿ ಮಾಂಸದ ಸಾರಿನದು. ನಮ್ಮ ಅತ್ತೆ ಅರ್ಧ ತಿಂದ ಮೇಲೆ ಗೊತ್ತಾಯ್ತು. ಸಸ್ಯಾಹಾರಿಗಳಾದರೆ ಮನೆಯಿಂದ ಚಪಾತಿ, ಚಟ್ನಿಪುಡಿ ಕಟ್ಟಿಕೊಂಡು ಹೋಗಿ.

ಶಿರಾ ಗೇಟ್
ಸೀಮೋರ್‌ನಲ್ಲಿ ಫ್ರೈ ಮಾತ್ರ ಕೇಳಿದರೆ ಗ್ರೇವಿ ಹಾಕದೆ ಕೊಟ್ಟರು.

ಕೋಲಾರ, ಟೇಕಲ್ ರಸ್ತೆ
ಗ್ರೇವಿ ಹಾಕದೆ ಎಲ್ಲಾ ಕಡೆ ಕೊಡ್ತಾರೆ ಸ್ವಾಮಿ, ಅದಕ್ಕೂ ಸೀಮೋರೇ ಆಗಬೇಕಾ?

ಎಸ್‌ಐಟಿ ಬಡಾವಣೆ, ತುಮಕೂರು
ಎಲ್ಲರಿಗೂ ಧನ್ಯವಾದ. ಕಾರಿಲ್ಲದ್ದರಿಂದ ಗ್ರೌಸ್ ಅಂತ ಮಾತಾಡಿಕೊಂಡಿದ್ದೇವೆ. ಫ್ರೀಜಿಂಗ್ ಲೆವೆಲ್ ನೋಡಿ ಆಮೇಲೆ ದಿನ ಗೊತ್ತು ಮಾಡ್ತೀವಿ. ನಮ್ಮ ಪಾಲಿಸಿ ತೆಗೆದು ನೋಡಿದೆ, ಸ್ಕೀಯಿಂಗ್ ಇಲ್ಲ. ನಾಳೆ ಫೋನ್ ಮಾಡಿ ಸೇರಿಸೋಕೆ ಆಗುತ್ತಾ ಕೇಳ್ತೀನಿ. ಇನ್ನೊಂದು ಪ್ರಶ್ನೆ. ಮಗಳಿಗೆ ಚಳಿ ಆಗದ ಹಾಗೆ ಬೂಟಿನೊಳಗೆ ಎರಡು ಜೊತೆ ಉಣ್ಣೆ ಸಾಕ್ಸ್ ಹಾಕಬಹುದಾ?

ಚಿಂತಾಮಣಿ
ಬೇಡ ಅಕ್ಕ, ಒಂದೇ ಜೊತೆ. ತೆಳ್ಳಗಿರಲಿ, ಮೊಣಕಾಲ ಹತ್ತಿರದವರೆಗೂ ಬರಲಿ, ಹತ್ತಿಯದು ಬೇಡ. ಎರಡು ಹಾಕಿದರೆ ಬೂಟು ಹಿಂಡಿ ರಕ್ತ ಓಡಾಡಲ್ಲ, ಕಾಲು ಇನ್ನೂ ಮರಗಟ್ಟುತ್ತೆ. ಜಾಸ್ತಿ ತಗೋಬೇಕಾದ್ದು ಗ್ಲೌಸ್. ಮಗಳದ್ದು ನೆನೆಯೋದು ಖಂಡಿತ, ಇನ್ನೊಂದು ಜೊತೆ ಬ್ಯಾಗಲ್ಲಿರಲಿ.