ಅಗತ್ತಿ ವಿಮಾನದಲ್ಲಿ ಸೀಟು ಖಾಲಿ ಇದ್ದರೂ ಟಿಕೆಟ್ ಯಾಕೆ ಸಿಗುವುದಿಲ್ಲ?

ಕಿಟಕಿ ಸೀಟು:
ಅಪ್ಪ ಅಮ್ಮನನ್ನು ಲಕ್ಷದ್ವೀಪಕ್ಕೆ ಕರೆದುಕೊಂಡು ಹೋಗಬೇಕು ಅಂತ ಎರಡು ತಿಂಗಳಿಂದ ಒದ್ದಾಡುತ್ತಿದ್ದೇನೆ. ಅಲ್ಲಿಗೆಲ್ಲ ಸೇರಿ ಅಗತ್ತಿ ಒಂದೇ ವಿಮಾನ ನಿಲ್ದಾಣ ಅಲ್ವಾ, ಬೇರೆ ಕಡೆ ಇಳಿಯೋಣ ಅಂದರೂ ಆಗುವುದಿಲ್ಲ. ನಮಗೆ ಬೇಕಾದ ದಿನ ಮೂರು ಟಿಕೆಟ್ ಸಿಗುತ್ತಲೇ ಇಲ್ಲ. ಆದರೆ ಹೋದ ತಿಂಗಳು ಹೋಗಿ ಬಂದ ಗೆಳೆಯನ ಫೋಟೋ ನೋಡಿದರೆ ವಿಮಾನದಲ್ಲಿ ಏಳೆಂಟು ಸೀಟು ಸುಮ್ನೆ ಖಾಲಿ! ಬ್ಲಾಕ್ ಮಾಡಿಟ್ಟು ಕೊನೆಗೆ ಜಾಸ್ತಿ ರೇಟಿಗೆ ಮಾರುವ ಆಟವಾ ಇದು? ಇನ್ನೊಂದು ಪ್ರಶ್ನೆ. ವಾಪಸ್ ಬರುವ ದಿನ ಸಂಜೆಯೇ ಕೊಚ್ಚಿಯಿಂದ ಬೆಂಗಳೂರಿಗೆ ಬೇರೆ ವಿಮಾನ ಬುಕ್ ಮಾಡಿದರೆ ನಡೆಯುತ್ತದಾ?

ರೆಕ್ಕೆಪುಕ್ಕ:
ಆಟ ಏನೂ ಇಲ್ಲ, ರನ್‌ವೇ ಚಿಕ್ಕದು. ಬೆಂಗಳೂರಿನ ರನ್‌ವೇ 4000 ಮೀಟರ್, ಅಗತ್ತಿಯದು ಸುಮಾರು 1200. 1988ರಲ್ಲಿ ಶುರುವಾದಾಗ ಡಾರ್ನಿಯರ್ ಅನ್ನುವ ಪುಟ್ಟ ವಿಮಾನಕ್ಕೆ ಅಂತ ಮಾಡಿದ್ದು. ಈಗ ಬರುವುದು ಎಟಿಆರ್ 72, ರೆಕ್ಕೆಗೆ ಫ್ಯಾನ್ ಇರುತ್ತದಲ್ಲ, ಅದು. 70ರ ಮೇಲೆ ಸೀಟು ಇದೆ. ಆದರೆ ಪೂರ್ತಿ ಭಾರ ಹೊತ್ತು ಏಳಬೇಕಾದರೆ ಅದಕ್ಕೆ 1300 ಮೀಟರ್‌ಗಿಂತ ಜಾಸ್ತಿ ಬೇಕು, ಅದೂ ಹವೆ ತಂಪಾಗಿದ್ದಾಗ. ಬಿಸಿಲು ಏರಿದ ಹಾಗೆ ಗಾಳಿ ತೆಳುವಾಗುತ್ತದೆ, ರೆಕ್ಕೆಗೆ ಎತ್ತುವ ಶಕ್ತಿ ಕಡಿಮೆಯಾಗುತ್ತದೆ, ಇನ್ನೂ ಉದ್ದ ಓಡಬೇಕಾಗುತ್ತದೆ. ಓಡಲು ಜಾಗ ಎಲ್ಲಿದೆ? ಎರಡೂ ತುದಿಯಲ್ಲಿ ಸಮುದ್ರ.

ಇಂಧನದ ಲೆಕ್ಕವೂ ಇದೆ. ಮೋಡ ಕವಿದು ಅಗತ್ತಿಯಲ್ಲಿ ಇಳಿಯಲು ಆಗಲಿಲ್ಲ ಅಂದುಕೊಳ್ಳಿ. ಪಕ್ಕದ ಊರಿಗೆ ಹೋಗಿ ಇಳಿಯೋಣ ಅಂದರೆ ಪಕ್ಕದಲ್ಲಿ ಊರೇ ಇಲ್ಲ. 450 ಕಿಲೋಮೀಟರ್‌ಗೂ ಜಾಸ್ತಿ ದೂರದ ಕೊಚ್ಚಿಗೆ ವಾಪಸ್ ಬರಬೇಕು. ಅಷ್ಟು ಇಂಧನ ಹೊತ್ತುಕೊಂಡೇ ಹೊರಡಬೇಕು, ಅದರದ್ದೂ ತೂಕವೇ. ಹಾಗಾಗಿ ಸೀಟು ಇದ್ದರೂ ಮಾರುವುದಿಲ್ಲ. ನಿಮ್ಮ ಗೆಳೆಯನ ಫೋಟೋದಲ್ಲಿ ಇರುವುದು ಅದೇ.

ಬಂದರು ಕಡೆಯವ:
ಹಾಗಾದರೆ ಉದ್ದ ಮಾಡಿಬಿಡಲಿ ಅಂತ ಎಲ್ಲರೂ ಹೇಳುತ್ತಾರೆ. ಒಮ್ಮೆ ಮ್ಯಾಪ್ ತೆಗೆದು ನೋಡಿ. ದ್ವೀಪದ ಉದ್ದ ಏಳೂವರೆ ಕಿಲೋಮೀಟರ್ ಇರಬಹುದು, ಅತಿ ಅಗಲ ಇರುವ ಕಡೆಯೂ ಒಂದು ಕಿಲೋಮೀಟರ್ ಅಷ್ಟೇ. ದಕ್ಷಿಣಕ್ಕೆ ಬಾಲದ ಹಾಗೆ ಸಣ್ಣಗಾಗುತ್ತದೆ, ರನ್‌ವೇ ಇರುವುದು ಆ ಬಾಲದಲ್ಲೇ. ಅದರಾಚೆ ಕಲ್ಪಿಟ್ಟಿ ಅನ್ನುವ ಚೂರು ದ್ವೀಪ. ಅಲ್ಲಿಯವರೆಗೆ ಎಳೆಯುವ ಮಾತು ಹಿಂದಿನಿಂದಲೂ ಇದೆ, ನಡುವೆ ಇರುವುದು ಹವಳದ ದಿಬ್ಬ. ದ್ವೀಪವನ್ನು ಅಲೆಯಿಂದ ಕಾಯುವುದೇ ಆ ಹವಳ, ಅದನ್ನು ಮುಚ್ಚಿ ರನ್‌ವೇ ಮಾಡುವುದು ನನಗಂತೂ ಸರಿ ಕಾಣುವುದಿಲ್ಲ.

(ಸಂಬಂಧ ಇಲ್ಲದ ಮಾತು: ಅಮಿನಿ, ಕಡಮತ್ ಕಡೆಯ ದ್ವೀಪಗಳು 1956ರವರೆಗೆ ನಮ್ಮ ಸೌತ್ ಕೆನರಾ ಜಿಲ್ಲೆಗೇ ಸೇರಿದ್ದವು. ಮಂಗಳೂರಿನ ಹಳೆ ಬಂದರಿನಿಂದ ಅಕ್ಕಿ, ತರಕಾರಿ, ಜಲ್ಲಿ ಹೊತ್ತು ಅಲ್ಲಿಗೆ ಹೋಗುವ ಮಂಜಿ ಅನ್ನುವ ಸರಕು ದೋಣಿಗಳನ್ನು ನೋಡುತ್ತಲೇ ಬೆಳೆದವನು ನಾನು.)

ತೆಂಗಿನಗರಿ:
ಕೆಲಸದ ಮೇಲೆ ಎರಡು ವರ್ಷ ಅಲ್ಲಿದ್ದೆ. ನಿಮ್ಮ ಎರಡನೇ ಪ್ರಶ್ನೆಗೆ ಉತ್ತರ: ಬೇಡ, ಖಂಡಿತ ಬೇಡ. ಕೊಚ್ಚಿಯಲ್ಲಿ ಒಂದು ರಾತ್ರಿ ಉಳಿಯುವ ಹಾಗೆ ಇಟ್ಟುಕೊಳ್ಳಿ. ಮಳೆ ಬಂದರೆ ವಿಮಾನ ತಡವಾಗುತ್ತದೆ, ಕೆಲವು ದಿನ ಬರುವುದೇ ಇಲ್ಲ. ಒಮ್ಮೆ ನಾನು ಬಂದು ಇಳಿದೆ, ಬ್ಯಾಗ್ ಬರಲಿಲ್ಲ. ತೂಕ ಜಾಸ್ತಿಯಾಯಿತು ಅಂತ ಕೊಚ್ಚಿಯಲ್ಲೇ ಬಿಟ್ಟಿದ್ದರು. ಎರಡು ದಿನ ಪಕ್ಕದ ಮನೆಯವರ ಲುಂಗಿಯಲ್ಲಿ ಕಳೆದೆ. ಅಮ್ಮ ಅಪ್ಪನ ಮಾತ್ರೆಗಳನ್ನು ಕೈಚೀಲದಲ್ಲೇ ಇಟ್ಟುಕೊಳ್ಳಿ, ಇದೊಂದು ಮರೆಯಬೇಡಿ.

ಇನ್ನೊಂದು ಮಾತು. ನಮಗೆ ಅದು ಟೂರು, ಅಲ್ಲಿಯವರಿಗೆ ಬಸ್ಸಿನ ಹಾಗೆ. ನಾನು ಹೋದಾಗ ಪಕ್ಕದ ಸೀಟಿನಲ್ಲಿ ಒಬ್ಬರು ಉಮ್ಮ (ಅಂದರೆ ಅಲ್ಲಿಯ ಒಬ್ಬರು ತಾಯಿ) ಇದ್ದರು. ಕೊಚ್ಚಿಯಲ್ಲಿ ಕಣ್ಣಿನ ಆಪರೇಷನ್ ಮುಗಿಸಿ ಹಸಿರು ಬಟ್ಟೆಯ ಪಟ್ಟಿ ಕಟ್ಟಿಕೊಂಡೇ ಮನೆಗೆ ಹೊರಟಿದ್ದರು, ಎಕ್ಸ್‌ರೇ ಕವರನ್ನು ಮಡಿಲಿನಿಂದ ಇಳಿಸಲೇ ಇಲ್ಲ. ಹಡಗಿನಲ್ಲಾದರೆ ಹದಿನಾಲ್ಕರಿಂದ ಹದಿನೆಂಟು ಗಂಟೆ ಬೇಕು, ವಿಮಾನದಲ್ಲಿ ಒಂದೂವರೆ. ಟಿಕೆಟ್ ಸಿಗಲಿಲ್ಲ ಅಂತ ನೀವು ಬೇಸರ ಮಾಡಿಕೊಂಡ ದಿನ ಆ ಸೀಟಿನಲ್ಲಿ ಇಂಥವರೇ ಯಾರೋ ಕೂತಿರುತ್ತಾರೆ.

ಕಿಟಕಿ ಸೀಟು:
ಆಟ ಅಂದದ್ದು ವಾಪಸ್ ತೆಗೆದುಕೊಂಡೆ 🙂 ದಿನಾಂಕ ನಾವೇ ಬದಲಾಯಿಸುತ್ತೇವೆ. ಹೋಗುವಾಗ ವಿಮಾನ, ಬರುವಾಗ ಹಡಗು ಮಾಡಿದರೆ ಹೇಗೆ? ಅಪ್ಪನಿಗೆ 68, ಮಂಡಿ ನೋವು ಇದೆ.

ತೆಂಗಿನಗರಿ:
ಮಂಡಿ ನೋವಿದ್ದರೆ ಯೋಚನೆ ಮಾಡಿ. ಎಷ್ಟೋ ದ್ವೀಪಗಳಲ್ಲಿ ಹಡಗು ದಡಕ್ಕೆ ಬರುವುದಿಲ್ಲ, ಆಚೆಯೇ ನಿಲ್ಲುತ್ತದೆ. ಸಣ್ಣ ದೋಣಿಯಲ್ಲಿ ಹೋಗಿ, ಅದು ಮೇಲೆ ಕೆಳಗೆ ಕುಣಿಯುವಾಗ ಹಡಗಿನ ಬಾಗಿಲಿಗೆ ಕಾಲಿಡಬೇಕು. ಹುಡುಗರು ಎರಡೂ ಕಡೆ ರಟ್ಟೆ ಹಿಡಿದು ಎತ್ತಿಬಿಡುತ್ತಾರೆ, ಆದರೂ ಎದೆ ಧಸಕ್ ಅನ್ನುತ್ತದೆ. ಎರಡೂ ಕಡೆ ವಿಮಾನವೇ ಇರಲಿ. ಇಳಿಯುವಾಗ ಅವರನ್ನು ಕಿಟಕಿ ಪಕ್ಕ ಕೂರಿಸಿ. ಕೊನೆ ನಿಮಿಷದವರೆಗೂ ಬರೀ ನೀರು ಕಾಣುತ್ತದೆ, ನೀರಿಗೇ ಇಳಿಯುತ್ತಿದ್ದೇವೆ ಅನಿಸುವಷ್ಟರಲ್ಲಿ ಚಕ್ರ ನೆಲ ಮುಟ್ಟಿರುತ್ತದೆ.

ಅಂದ ಹಾಗೆ, ಪರ್ಮಿಟ್ ಮಾಡಿಸಿದ್ದೀರಿ ತಾನೇ?

ಕಿಟಕಿ ಸೀಟು:
ಯಾವ ಪರ್ಮಿಟ್?

ರೆಕ್ಕೆಪುಕ್ಕ:
ಅಯ್ಯೋ ದೇವರೇ. ಲಕ್ಷದ್ವೀಪಕ್ಕೆ ಕಾಲಿಡಲು ನಮಗೂ ಪ್ರವೇಶದ ಪರ್ಮಿಟ್ ಬೇಕು. ಮೊದಲು ಅದು, ಆಮೇಲೆ ಟಿಕೆಟ್. ಇವತ್ತೇ ಅರ್ಜಿ ಹಾಕಿ, ಮೂವರಿಗೂ.