ಆನರ್ಸ್ ಪ್ರಾಜೆಕ್ಟಿಗೆ ಕತೆ ಬರೆಯುತ್ತಿದ್ದೇನೆ, ಒಂದೂ ಮುಗಿಯುತ್ತಿಲ್ಲ

ಮಕ್ಕಂದೂರಿನ ಮಳೆ:
ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಿನ ಒಂದು ಕಾಲೇಜಿನಲ್ಲಿ ಬಿಎ ಆನರ್ಸ್ ನಾಲ್ಕನೇ ವರ್ಷ. ಮೊದಲ ಆರು ಸೆಮಿಸ್ಟರಿನಲ್ಲಿ 75 ಪರ್ಸೆಂಟ್ ಬಂದವರಿಗೆ 12 ಕ್ರೆಡಿಟ್ಟಿನ ಪ್ರಬಂಧ ಇದೆ. ನಮ್ಮ ವಿಭಾಗದಲ್ಲಿ ಅದರ ಬದಲು ಕಥಾಸಂಕಲನ ಕೊಡಬಹುದು. ಜೊತೆಗೆ ವಿಮರ್ಶೆಯ ಧಾಟಿಯಲ್ಲಿ ಒಂದು ಮುನ್ನುಡಿ, ಕೊನೆಗೆ ವೈವಾ, ಅಂದರೆ ಮೌಖಿಕ ಪರೀಕ್ಷೆ.

ಹನ್ನೆರಡು ಕತೆ ಅಂತ ಪ್ರಪೋಸಲ್‌ನಲ್ಲಿ ಬರೆದುಕೊಟ್ಟಿದ್ದೇನೆ. ಎಲ್ಲವೂ 2018ರ ಆಗಸ್ಟಿನಲ್ಲಿ ನಮ್ಮ ಕೊಡಗಿನಲ್ಲಿ ಮಳೆಗೆ ಗುಡ್ಡ ಜಾರಿದ್ದರ ಬಗ್ಗೆ. ಆಗ ನಾನು ಹೈಸ್ಕೂಲು. ಅರ್ಧ, ಮುಕ್ಕಾಲು ಆಗಿರುವ ಕತೆಗಳು ಬೇಕಾದಷ್ಟಿವೆ. ಆದರೆ ಪ್ರತಿ ಕತೆಯೂ ಗುಡ್ಡ ಜಾರುವ ಹೊತ್ತಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಮುಂದೆ ಏನು ಬರೆದರೂ ಸಪ್ಪೆ. ಗೈಡ್ 'ಇದ್ದಷ್ಟು ಕಳಿಸು' ಅಂತಾರೆ, ನನಗೆ ನಾಚಿಕೆ. ಈಗ ಮನೆಗೆ ಬಂದಿದ್ದೇನೆ. ರೊಬಸ್ಟಾ ಕಾಫಿ ಕುಯ್ಲು ನಡೆಯುತ್ತಿದೆ. ಲ್ಯಾಪ್‌ಟಾಪ್ ತೆಗೆದರೆ ಸಾಕು, ಅಮ್ಮ ಕಣದಿಂದ ಕೂಗುತ್ತಾರೆ.

ಮುನ್ನುಡಿಯಲ್ಲಿ ಏನು ಬರೆಯಬೇಕು? ನನ್ನ ಕತೆಯನ್ನು ನಾನೇ ಹೊಗಳಿಕೊಳ್ಳಬೇಕಾ? ಇನ್ನೊಂದು ಭಯ, ನಮ್ಮ ಪಕ್ಕದ ಮನೆಯವರು ಮನೆ ಕಳಕೊಂಡಿದ್ದು ಎರಡು ಕತೆಯಲ್ಲಿ ಬಂದಿದೆ. ಹೆಸರು ಬದಲಿಸಿದ್ದೇನೆ. ಸಾಕಾ?

ಕಣದ ಕಾವಲು:
ಆನರ್ಸ್ ಇನ್ನೂ ಇದ್ಯಾ? ಸರ್ಕಾರ 2024ರಲ್ಲೇ ಡಿಗ್ರಿಯನ್ನು ಮತ್ತೆ ಮೂರು ವರ್ಷ ಮಾಡ್ತಲ್ಲ. ಇರಲಿ, ಇಷ್ಟೆಲ್ಲ ತಲೆಬಿಸಿ ಯಾಕೆ? ಚಾಟ್‌ಜಿಪಿಟಿಗೆ ನಾಲ್ಕು ಸಾಲು ಕೊಡಿ, ಹನ್ನೆರಡಲ್ಲ ಇಪ್ಪತ್ತು ಕತೆ ಕೊಡುತ್ತೆ. ಆರಾಮಾಗಿ ಕಣಕ್ಕೆ ಹೋಗಿ ಕಾಫಿ ರಾಶಿ ಮಾಡಿ, ಅಮ್ಮನಿಗೂ ಖುಷಿ.

ಮಕ್ಕಂದೂರಿನ ಮಳೆ:
ನಮ್ಮದು ಅದಕ್ಕೂ ಮೊದಲು ಸೇರಿದ ಬ್ಯಾಚು. ಚಾಟ್‌ಜಿಪಿಟಿ ಬೇಡ ಮಾರಾಯ್ರೆ, ನಾನೇ ಬರೆದದ್ದು ಅಂತ ಡಿಕ್ಲರೇಶನ್‌ಗೆ ಸಹಿ ಹಾಕಬೇಕು.

ನಿವೃತ್ತ ಮೇಡಂ, ಗೋಣಿಕೊಪ್ಪ:
ನಾನು ಡಿಗ್ರಿ ಮಕ್ಕಳಿಗೆ ಕನ್ನಡ ಪಾಠ ಮಾಡಿದವಳು. ಈಗಲೂ ಕರೆದರೆ ವೈವಾಕ್ಕೆ ಹೋಗುತ್ತೇನೆ. ವಯಸ್ಸಾಗಿದೆ, ಏಕವಚನದಲ್ಲಿ ಕರೆದರೆ ಬೇಜಾರಿಲ್ಲ ಅಲ್ವಾ?

ಮೊದಲು ಆ ಹನ್ನೆರಡನ್ನು ಬಿಡು. ಯುಜಿಸಿ 2022ರ ಡಿಸೆಂಬರಿನಲ್ಲಿ ಕೊಟ್ಟ ಚೌಕಟ್ಟಿನಲ್ಲಿ ನಾಲ್ಕು ವರ್ಷಕ್ಕೆ 160 ಕ್ರೆಡಿಟ್, ಅದರಲ್ಲಿ ಪ್ರಬಂಧಕ್ಕೆ 12. ಎಷ್ಟು ಕತೆ ಅನ್ನುವುದು ನಿಮ್ಮ ವಿಭಾಗಕ್ಕೆ ಬಿಟ್ಟಿದ್ದು, ಅವರೂ ಹೆಚ್ಚಾಗಿ ನೋಡುವುದು ಪದಗಳ ಲೆಕ್ಕವನ್ನು. ನಾಲ್ಕು ಗಟ್ಟಿ ಕತೆ ಕೊಟ್ಟವರಿಗೆ ಯಾರೂ ಕಡಿಮೆ ಅಂಕ ಕೊಟ್ಟಿದ್ದನ್ನು ನಾನು ನೋಡಿಲ್ಲ. ಹನ್ನೆರಡು ತೆಳು ಕತೆ ಓದಿ ಆಕಳಿಸಿದವರನ್ನು ನೋಡಿದ್ದೇನೆ.

ಆದರೆ ನಿನ್ನ ತೊಂದರೆ ಸಂಖ್ಯೆಯದ್ದಲ್ಲ. ಎಲ್ಲ ಕತೆಯೂ ಒಂದೇ ಕಡೆ ನಿಲ್ಲುತ್ತದೆ ಅಂತ ನೀನೇ ಬರೆದಿದ್ದೀಯ. ಗುಡ್ಡ ಜಾರುವುದನ್ನೇ ಕತೆಯ ಕೊನೆ ಅಂದುಕೊಂಡಿದ್ದೀಯ. ಅದು ಓದುವವರಿಗೆ ಮೊದಲೇ ಗೊತ್ತು ಮಗಳೇ. ಮಕ್ಕಂದೂರು, ಜೋಡುಪಾಲ, ಹೆಬ್ಬೆಟ್ಟಗೇರಿ ಅಂದ ಕೂಡಲೇ ಅವರ ಕಣ್ಣ ಮುಂದೆ ಟಿವಿಯಲ್ಲಿ ನೋಡಿದ ಕೆಂಪು ಮಣ್ಣು ಬಂದುಬಿಡುತ್ತದೆ. ಅದಕ್ಕಾಗಿ ನೀನು ಹತ್ತು ಪುಟ ಏರುವುದು ಯಾಕೆ? ಒಂದು ಕತೆಯಲ್ಲಿ ಗುಡ್ಡವನ್ನು ಎರಡನೇ ಪ್ಯಾರಾದಲ್ಲೇ ಜಾರಿಸಿಬಿಡು. ಇನ್ನೊಂದರಲ್ಲಿ ಅದರ ಮಾತೇ ಬೇಡ. ಆಮೇಲೆ ಜಂಬೂರಿನಲ್ಲಿ, ಕರ್ಣಂಗೇರಿಯಲ್ಲಿ ಸಂತ್ರಸ್ತರಿಗೆ ಮನೆ ಕಟ್ಟಿಕೊಟ್ಟರಲ್ಲ, ಸಾಲಾಗಿ, ಒಂದೇ ತರದ ಮನೆಗಳು. ತೋಟದ ಮಧ್ಯೆ ಒಂಟಿ ಮನೆಯಲ್ಲಿ ಬದುಕಿದವರಿಗೆ ಗೋಡೆಯಾಚೆ ಪಕ್ಕದವರ ಕುಕ್ಕರ್ ಸೀಟಿ ಕೇಳುವುದು ಹೇಗಿರುತ್ತದೆ? ಅಲ್ಲಿ ಹೋಗಿ ಒಂದು ಮಧ್ಯಾಹ್ನ ಸುಮ್ನೆ ಕೂತು ಬಾ. ಗುಡ್ಡ ಜಾರಿದ ಮೇಲೆ ಏನು ಬರೆದರೂ ಸಪ್ಪೆ ಅಂದೆಯಲ್ಲ, ನನ್ನನ್ನು ಕೇಳಿದರೆ ಕತೆ ಇರುವುದೇ ಅಲ್ಲಿ.

ಮುನ್ನುಡಿಗೆ ಬರೋಣ. ಹೊಗಳಿಕೊಳ್ಳುವುದೂ ಬೇಡ, ಕತೆಯ ಸಾರಾಂಶವೂ ಬೇಡ. ಏನು ನಿರ್ಧಾರ ಮಾಡಿದೆ, ಯಾಕೆ ಮಾಡಿದೆ ಅಂತ ಹೇಳು. ಒಬ್ಬ ಹುಡುಗನ ಕತೆಯ ಮೊದಲ ಕರಡಿನಲ್ಲಿ ಮಳೆ ಎಷ್ಟು ಸುರಿಯಿತು, ಮಣ್ಣು ಹೇಗೆ ನೀರು ಕುಡಿಯಿತು ಅಂತ ಒಂದು ಪುಟ ಇತ್ತು. ಕೊನೆಯ ಕರಡಿನಲ್ಲಿ ಅದೆಲ್ಲ ಹೋಗಿ, ಪಕ್ಕದ ಮನೆಯವನು ಟಾರ್ಚ್ ಕೇಳಲು ಬರುವುದರಿಂದ ಕತೆ ಶುರುವಾಯಿತು. ಟಾರ್ಚ್ ಕೈಗೆ ಕೊಟ್ಟರೂ ಅವನು ಜಗಲಿ ಬಿಟ್ಟು ಹೋಗುವುದಿಲ್ಲ. ಚಪ್ಪಲಿ ಮಾತ್ರ ಬಿಟ್ಟು ಮತ್ತೆ ಹಾಕಿಕೊಳ್ಳುತ್ತಾನೆ. ಮುನ್ನುಡಿಯಲ್ಲಿ ಹುಡುಗ ಎರಡೂ ಶುರುವನ್ನು ಪಕ್ಕಪಕ್ಕ ಕೊಟ್ಟು, ಮಳೆಯನ್ನು ಯಾಕೆ ತೆಗೆದೆ ಅಂತ ಬರೆದಿದ್ದ. ವೈವಾದಲ್ಲಿ ನಾವು ಕೇಳಬೇಕಾದ್ದನ್ನು ಅವನೇ ಮೊದಲು ಹೇಳಿಬಿಟ್ಟಿದ್ದ. ಅದಕ್ಕೇ ಹಳೆಯ ಕರಡುಗಳನ್ನು ಅಳಿಸಬೇಡ, ತಾರೀಖು ಹಾಕಿ ಇಟ್ಟುಕೋ. ಅದೇ ಫೈಲಿನ ಮೇಲೆ ತಿದ್ದುತ್ತಾ ಹೋದರೆ ಮುನ್ನುಡಿ ಬರೆಯುವಾಗ ಕೈಯಲ್ಲಿ ಏನೂ ಇರುವುದಿಲ್ಲ.

ಹಿಂದಿನವರ ಮಾತೂ ಬರಬೇಕು. ಕತೆಗಾರ್ತಿ ಕೊಡಗಿನ ಗೌರಮ್ಮ 1939ರಲ್ಲಿ ತೀರಿಹೋದಾಗ ಅವರಿಗೆ 27 ವರ್ಷ, ನಿನಗಿಂತ ಸ್ವಲ್ಪ ದೊಡ್ಡವರು ಅಷ್ಟೆ. ಹೆಸರು ಹೇಳಿ ಕೈಮುಗಿದು ಮುಂದೆ ಹೋಗಬೇಡ. ಒಂದು ಕತೆ ಹಿಡಿದು ಓದಿ, ನಿನಗೂ ಅವರಿಗೂ ಎಲ್ಲಿ ಒಪ್ಪಿಗೆ, ಎಲ್ಲಿ ಜಗಳ ಅಂತ ಬರಿ.

ಪಕ್ಕದ ಮನೆಯವರ ವಿಷಯ. ಹೆಸರು ಬದಲಿಸಿದರೆ ಸಾಲದು. ನಮ್ಮ ಕಡೆ ಮನೆ ಎಲ್ಲಿದೆ, ಜೀಪು ಯಾವುದು, ಮಗಳನ್ನು ಎಲ್ಲಿಗೆ ಕೊಟ್ಟಿದ್ದಾರೆ ಅಂದರೆ ಮುಗಿಯಿತು, ಇಡೀ ಊರಿಗೆ ಗೊತ್ತಾಗುತ್ತದೆ. ಗುರುತು ಸಿಗುವ ಆ ಎರಡು ಮೂರು ಎಳೆಯನ್ನೇ ಬದಲಿಸು. ಅವರು ನಿನ್ನ ಹತ್ತಿರ ಬಾಯಿಬಿಟ್ಟು ಹೇಳಿಕೊಂಡದ್ದು ಕತೆಯಲ್ಲಿ ಇದ್ದರೆ, ಸಲ್ಲಿಸುವ ಮುಂಚೆ ಹೋಗಿ ಓದಿ ಹೇಳು. ಬೇಡ ಅಂದರೆ ತೆಗೆ. ವಾದ ಮಾಡಬೇಡ.

ಕಾವಲಿನವರೇ, ವೈವಾದಲ್ಲಿ ಎದುರು ಕೂತವರು 'ಕತೆಯಲ್ಲಿ ಈ ಅಜ್ಜಿ ಬಾಗಿಲು ಯಾಕೆ ಹಾಕಲಿಲ್ಲ' ಅಂತ ಕೇಳಿದರೆ ಉತ್ತರ ಹುಡುಗಿಯ ಹತ್ತಿರ ಇರಬೇಕು, ಮೊಬೈಲಿನ ಹತ್ತಿರ ಅಲ್ಲ.

ಸಿದ್ದಾಪುರದ ರೈಟರ್:
ಮೇಡಂ ಹೇಳಿದ್ದು ಸರಿ. ನಾನು ಕತೆಗಿತೆ ಬರೆಯುವವನಲ್ಲ, ತೋಟದಲ್ಲಿ ಲೆಕ್ಕ ಬರೆಯುವ ರೈಟರ್. ಒಂದು ಕೇಳಬೇಕು ಅನ್ನಿಸಿತು. ನಿಮ್ಮ ಕತೆಗಳಲ್ಲಿ ಲೈನ್‌ಮನೆಯವರು, ಅಂದರೆ ತೋಟದ ಸಾಲುಮನೆಗಳಲ್ಲಿರುವ ಕೂಲಿಯವರು ಇದ್ದಾರಾ? ಆ ರಾತ್ರಿ ಅವರಿಗೆ 'ಎದ್ದು ಹೊರಡಿ' ಅಂತ ಹೇಳಿದ್ದು ಯಾರು? ಬೇಕಾದರೆ ಒಂದು ವಿಷಯ ಕೊಡುತ್ತೇನೆ. ಚೆಕ್‌ರೋಲ್ ಅಂದರೆ ಕೂಲಿಯವರ ಹಾಜರಿ ಪುಸ್ತಕ. ಅದರಲ್ಲಿ ಒಬ್ಬೊಬ್ಬರ ಹೆಸರಿನ ಮುಂದೆ ದಿನಕ್ಕೊಂದು ಚೌಕ ಇರುತ್ತದೆ. ಆ ಆಗಸ್ಟಿನ ಪುಟದಲ್ಲಿ ಸಾಲು ಸಾಲು ಚೌಕ ಖಾಲಿ. ಖಾಲಿ ಅಂದರೆ ಕೂಲಿ ಇಲ್ಲ. ಮಳೆ ನಿಂತ ಮೇಲೆ ಜನ ಬಂದು ಮೊದಲು ಕೇಳಿದ್ದು ಆ ಚೌಕದ ಬಗ್ಗೆಯೇ.

ಮಕ್ಕಂದೂರಿನ ಮಳೆ:
ಅಣ್ಣಾ, ನನ್ನ ಕತೆಗಳಲ್ಲಿ ಲೈನ್‌ಮನೆಯವರು ಬರೇ ಕೊಡೆ ಹಿಡಿದು ಓಡುತ್ತಾರೆ, ಅಷ್ಟೆ. ಚೆಕ್‌ರೋಲ್ ವಿಷಯ ಬರೆಯಬಹುದಾ? ನಿಮ್ಮ ತೋಟ ಅಂತ ಗೊತ್ತಾಗದ ಹಾಗೆ ಮಾಡುತ್ತೇನೆ.

ಮೇಡಂ, ನಾಲ್ಕೇ ಕತೆಗೆ ಇಳಿಸುತ್ತೇನೆ. ಆದರೆ ಪ್ರಪೋಸಲ್‌ನಲ್ಲಿ ಹನ್ನೆರಡು ಅಂತ ಇದೆಯಲ್ಲ, ಅದಕ್ಕೇನು ಮಾಡಲಿ?

ಸಿದ್ದಾಪುರದ ರೈಟರ್:
ಬರೀರಿ. ಚೆಕ್‌ರೋಲ್ ಎಲ್ಲ ತೋಟದಲ್ಲೂ ಇರುತ್ತದೆ.

ನಿವೃತ್ತ ಮೇಡಂ, ಗೋಣಿಕೊಪ್ಪ:
ಗೈಡಿಗೆ ಇವತ್ತೇ ಮೇಲ್ ಹಾಕು. ನಾಲ್ಕು ಕತೆ, ಒಟ್ಟು ಇಷ್ಟು ಪದ ಅಂತ ಬರೆದು ಒಪ್ಪಿಗೆ ಕೇಳು. ಫೋನಿನಲ್ಲಿ ಹೂಂ ಅಂದರೆ ಸಾಲದು, ಉತ್ತರ ಬರಹದಲ್ಲೇ ಬರಲಿ. ಮತ್ತೆ ಮೇಲ್ ಜೊತೆ ಆ ಮುಕ್ಕಾಲು ಆಗಿರುವ ಕತೆಯೊಂದನ್ನು ಲಗತ್ತಿಸು. ನಾಚಿಕೆ ಅಂತ ಕೂತರೆ ಅವರು ಯಾವುದನ್ನು ಓದಿ ಒಪ್ಪಿಗೆ ಕೊಡುವುದು?